ಕಪ್ಪಲ್ಲದ ಕಪ್ಪು

‘ಬ್ಲ್ಯಾಕ್ ಸ್ಟಾರ್’, ‘ಎಸ್ಪ್ರೆಸೊ’ ಮುಂತಾದ ಗ್ಲಾಡಿಯೋಲಸ್ ತಳಿಗಳನ್ನು ಕಪ್ಪು ಹೂವೆಂದೇ ಕರೆಯುವುದು ವಾಡಿಕೆಯಾದರೂ, ಸಂಜೆಯ ಓರೆ ಬಿಸಿಲು ಹಿಂದಿನಿಂದ ಹಾದುಬಂದಾಗ ಅವುಗಳ ಎಸಳಿನ ಅಂಚು ನೇರಳೆಹಣ್ಣಿನ ರಸದಂತೆ ಕೆಂಪಾಗಿ ಹೊಳೆಯುತ್ತದೆ. ಆಂಥೋಸಯನಿನ್, ಅಂದರೆ ಹೂಹಣ್ಣುಗಳಿಗೆ ಕೆಂಪು, ನೇರಳೆ, ನೀಲಿ ಛಾಯೆ ಕೊಡುವ ವರ್ಣದ್ರವ್ಯ, ಒತ್ತಾಗಿ ತುಂಬಿರುವುದೇ ಆ ಕಪ್ಪಿನ ಗುಟ್ಟು. ಗಾಢ ಬಣ್ಣವು ಶಾಖವನ್ನು ಹೆಚ್ಚು ಹೀರುವುದರಿಂದ ಕಡುಬೇಸಿಗೆಯ ಮಧ್ಯಾಹ್ನಗಳಲ್ಲಿ ಈ ಎಸಳುಗಳು ಸುಟ್ಟ ಕಾಗದದಂತೆ ಮುರುಟುವುದುಂಟು. ಗಿಡಕ್ಕೆ ಪೂರ್ಣ ಬಿಸಿಲು ಬೇಕು, ಹೂವಿಗೆ ಅದೇ ಬಿಸಿಲು ಆಗದು. ವಿಚಿತ್ರ ಸ್ವಭಾವವೇ ಸರಿ. ಕತ್ತಿಯಂಥ ಎಲೆಗಳ ನಡುವಿನ ಕದಿರಿನಲ್ಲಿ ತಳದ ಒಂದೆರಡು ಮೊಗ್ಗು ಬಣ್ಣ ತೋರಿದೊಡನೆ ಕೊಯ್ದು ನೀರಿನಲ್ಲಿಟ್ಟರೆ, ಉಳಿದವು ನೆರಳಿನಲ್ಲಿಯೇ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಅರಳುತ್ತವೆ. ಬೆಳೆದ ಅನುಭವವುಳ್ಳವರು ಇದನ್ನು ಒಪ್ಪುವರೋ, ಅಥವಾ ಹೂವನ್ನು ಗಿಡದಲ್ಲೇ ಬಿಡುವರೋ?