ಸುವರ್ಣಗಡ್ಡೆಯ ಏಲಂ

ಕರಾವಳಿಯಲ್ಲಿ ಬಾಸೆಲ್ ಮಿಷನ್ ಕಾಲದಿಂದ ಬಂದ ಸಭೆಗಳಲ್ಲಿ ಬೆಳೆ ಹಬ್ಬವೆಂದರೆ ಏಲಂ ಇರಲೇಬೇಕು. ತೆಂಗಿನಕಾಯಿ, ಬಾಳೆಗೊನೆ, ಊರ ಕೋಳಿ, ಮನೆಯಲ್ಲಿ ಮಾಡಿದ ಕೇಕು, ಹೀಗೆ ದೇವರು ಕೊಟ್ಟದ್ದರಲ್ಲಿ ಒಂದಿಷ್ಟನ್ನು ತಂದು ಬಲಿಪೀಠದ ಮುಂದೆ ಇಡುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ಕೂಗುತ್ತಾರೆ. ಕೊಂಡವರು ಅದನ್ನೇ ಮತ್ತೆ ಸಭೆಗೆ ಕೊಟ್ಟುಬಿಡುವುದೂ ಉಂಟು. ಆಗ ಅದೇ ಕುಂಬಳಕಾಯಿ ಇನ್ನೊಮ್ಮೆ ಏಲಂಗೆ ಬರುತ್ತದೆ. ಕೂಗುವವರು ಜನರನ್ನು ನಗಿಸುತ್ತಿರಬೇಕು, ಇಲ್ಲದಿದ್ದರೆ ಬೆಲೆ ಏರುವುದಿಲ್ಲ.

ಒಂದು ವರ್ಷ ನಾನು ಹಿತ್ತಲಲ್ಲಿ ಬೆಳೆದ ಸುವರ್ಣಗಡ್ಡೆ ಕೊಟ್ಟಿದ್ದೆ. ಕೂಗುತ್ತಿದ್ದವರು ಸಭೆಯ ಖಜಾಂಚಿ. ನನಗಿಂತ ಚಿಕ್ಕವರು, ನನ್ನನ್ನು ಅಣ್ಣ ಎಂದೇ ಕರೆಯುವವರು. ಗಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಅಣ್ಣನ ಮನೆಯ ಸುವರ್ಣಗಡ್ಡೆ! ಎಷ್ಟು ತುರಿಸಿದರೂ ಅಣ್ಣನ ನಾಲಿಗೆಯಷ್ಟು ತುರಿಸಲಿಕ್ಕಿಲ್ಲ, ಧೈರ್ಯವಾಗಿ ಕೇಳಿ" ಎಂದರು. ಜನ ನಕ್ಕರು. ನನ್ನ ಹೆಂಡತಿಯೂ ನಕ್ಕಳು.

ಕಿವಿ ಬಿಸಿಯಾಯಿತು. ಎದ್ದು ನಿಂತು ಹೇಳಿಬಿಟ್ಟೆ: "ನನ್ನದು ನಾನು ಬೆಳೆದದ್ದು. ಸಭೆಯ ದುಡ್ಡಿನಲ್ಲಿ ಬೆಳೆದದ್ದಲ್ಲ."

ಅವರ ಲೆಕ್ಕದಲ್ಲಿ ಒಂದು ರೂಪಾಯಿಯ ತಪ್ಪನ್ನೂ ನಾನು ಕಂಡವನಲ್ಲ. ಅಂಥ ಅನುಮಾನ ನನ್ನ ಮನಸ್ಸಿನಲ್ಲಿ ಅದುವರೆಗೆ ಸುಳಿದೂ ಇರಲಿಲ್ಲ. ನೋಯಿಸಬೇಕಿತ್ತು, ಎಲ್ಲಿ ಹೊಡೆದರೆ ನೋಯುತ್ತದೆಂದು ನಾಲಿಗೆಗೆ ಗೊತ್ತಿತ್ತು. ಅವರ ಮಗಳು ಏಲಂಗೆಂದು ಕೇಕಿನ ತಟ್ಟೆ ಹಿಡಿದು ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಆ ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು, ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು. ಯಾರೂ ಮಾತಾಡಲಿಲ್ಲ. ಖಜಾಂಚಿ ಗಡ್ಡೆಯನ್ನು ಕೆಳಗಿಟ್ಟು, ಒಂದು ಬಾಳೆಗೊನೆ ಎತ್ತಿ, "ಸರಿ, ಇದಕ್ಕೆ ಯಾರು ಕೇಳುತ್ತೀರಿ?" ಎಂದರು. ಧ್ವನಿ ಸ್ವಲ್ಪ ನಡುಗಿತು, ಅಷ್ಟೇ.

ಮನೆಗೆ ಬಂದ ಮೇಲೂ ನಾನು ವಾದಿಸುತ್ತಲೇ ಇದ್ದೆ. ಎಲ್ಲರೆದುರು ಮರ್ಯಾದೆ ತೆಗೆದವರು ಅವರಲ್ಲವೇ? ಹೆಂಡತಿ ಹೇಳಿದ್ದು ಒಂದೇ ಮಾತು: "ನಾಲಿಗೆಯ ವಿಷಯ ಅವರು ಹೇಳಿದ್ದು ಸುಳ್ಳಾ?" ಉತ್ತರ ಹೊಳೆಯಲಿಲ್ಲ. ಸಭಾ ಕೂಟಗಳಲ್ಲಿ ನನ್ನ ಮಾತಿನಿಂದ ಎಷ್ಟು ಮಂದಿ ಮುಖ ಸಣ್ಣ ಮಾಡಿಕೊಂಡಿದ್ದರೋ. ಪೂರ್ತಿ ಸುಳ್ಳಾಗಿದ್ದರೆ ಆ ತಮಾಷೆ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಆ ರಾತ್ರಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂಕನ ಸುವಾರ್ತೆಯ 9ನೇ ಅಧ್ಯಾಯ. ಯೆರೂಸಲೇಮಿಗೆ ಹೊರಟಿದ್ದ ಯೇಸುವನ್ನು ಸಮಾರ್ಯದ ಒಂದು ಹಳ್ಳಿಯವರು ಸೇರಿಸಿಕೊಳ್ಳುವುದಿಲ್ಲ. ಯೆಹೂದ್ಯರಿಗೂ ಸಮಾರ್ಯದವರಿಗೂ ಯಾವ ಬೆಟ್ಟದಲ್ಲಿ ಆರಾಧಿಸಬೇಕೆಂಬ ಹಳೆಯ ಜಗಳ. ಆ ಕಹಿ ಅಂದು ದಾರಿಹೋಕರ ಮೇಲೆ ಬಿತ್ತು. ಸಿಡಿಲಮರಿಗಳೆಂದು ಯೇಸುವೇ ಹೆಸರಿಟ್ಟಿದ್ದ ಯಾಕೋಬ ಯೋಹಾನರು, ಆಕಾಶದಿಂದ ಬೆಂಕಿ ಬೀಳಲೆಂದು ಹೇಳೋಣವೇ ಎಂದು ಕೇಳುತ್ತಾರೆ. ರಾತ್ರಿ ತಂಗಲು ಜಾಗ ಕೊಡದ್ದಕ್ಕೆ ಇಡೀ ಊರನ್ನು ಸುಡುವ ಮಾತು! ಗುರುವಿಗಾದ ಅವಮಾನ ಎಂದು ಅವರು ನಂಬಿದ್ದರು. ನಾನು ಸ್ವಾಭಿಮಾನ ಎಂದು ನಂಬಿದ್ದೆ. ಯೇಸು ಗದರಿಸಿದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಅವರು ಬೇರೆ ಹಳ್ಳಿಗೆ ಹೊರಟುಹೋದರು.

ಮುಂದಿನ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದ್ದರೂ ಈ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಉಪಚರಿಸಿದವನ ಕಥೆ ಯೇಸು ಹೇಳುವುದು ಅಲ್ಲೇ. ಆ ಉಪಕಾರಿಯನ್ನು ಅವರು ಸಮಾರ್ಯದವನನ್ನಾಗಿ ಮಾಡುತ್ತಾರೆ. ಬಾಗಿಲು ಮುಚ್ಚಿದವರ ಜನದಿಂದಲೇ ಒಬ್ಬನನ್ನು ಆರಿಸಿ, ನೆರೆಯವನೆಂದರೆ ಇವನು ಎಂದು ತೋರಿಸುತ್ತಾರೆ. ಬೆಂಕಿ ಕೇಳಿದ ಯೋಹಾನನೂ ಬದಲಾದ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಅವನು ಪೇತ್ರನ ಜೊತೆ ಸಮಾರ್ಯಕ್ಕೆ ಹೋಗಿ, ಅಲ್ಲಿಯವರಿಗೆ ಪವಿತ್ರಾತ್ಮ ದೊರೆಯಲೆಂದು ಪ್ರಾರ್ಥಿಸುತ್ತಾನೆ. ಅಂದು ಬೆಂಕಿ ಬಿದ್ದಿದ್ದರೆ ಆ ಹಳ್ಳಿಯಲ್ಲಿ ಸುವಾರ್ತೆ ಕೇಳಲು ಯಾರು ಉಳಿಯುತ್ತಿದ್ದರು?

ಮರುದಿನ ಸಂಜೆ ಖಜಾಂಚಿಯವರ ಮನೆಗೆ ಹೋದೆ. ಬಾಗಿಲು ತೆರೆದವಳು ಮಗಳು. ಮೊದಲು ಅವಳ ಹತ್ತಿರವೇ ಹೇಳಿದೆ: "ನಿಮ್ಮಪ್ಪನ ಬಗ್ಗೆ ನಾನು ಆಡಿದ್ದು ಸುಳ್ಳು, ಮಗಾ." ಅವಳು ಒಳಗೆ ಓಡಿದಳು. ಅವರು ಬಂದು ಕೂರಿಸಿದರು. "ನನ್ನ ತಮಾಷೆಯೂ ಹೆಚ್ಚಾಯಿತು, ಅಣ್ಣ" ಎಂದರು. ಚಹಾ ಬಂತು. ಅಷ್ಟಕ್ಕೆ ಮುಗಿಸಿಬಿಡಲು ಮನಸ್ಸು ಬಹಳ ಹಾತೊರೆಯಿತು. ಆದರೆ ಇಡೀ ಸಭೆ ಕೇಳಿದ ಸುಳ್ಳನ್ನು ಜಗಲಿಯಲ್ಲಿ ಕೂತು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಭಾನುವಾರ ಪ್ರಕಟಣೆಗಳು ಮುಗಿದ ಮೇಲೆ ಸಭಾಪಾಲಕ ಅಯ್ಯನವರ ಅಪ್ಪಣೆ ಕೇಳಿ ಎದ್ದೆ. ಸಾವಿರ ಮಾತಾಡಿದ ಬಾಯಿಗೆ ತಪ್ಪೊಪ್ಪಿಕೊಳ್ಳುವ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಪಸೆ ಆರಿತ್ತು.

ಈಗಲೂ ಯಾರಾದರೂ ಒಂದು ಮಾತೆಸೆದರೆ ಕಿವಿ ಮೊದಲಿನಂತೆಯೇ ಬಿಸಿಯಾಗುತ್ತದೆ. ಪ್ರಾರ್ಥನೆ ಮಾಡಿದರೂ ಅದು ಹೋಗಲಿಲ್ಲ. ಆ ಮಾತಿನಲ್ಲಿ ನಿಜವೆಷ್ಟು ಎಂದು ನೋಡುವವರೆಗೆ ಬಾಯಿ ತೆರೆಯದಿರಲು ಕಲಿಯುತ್ತಿದ್ದೇನೆ. ತಪ್ಪಿ ತೆರೆದ ದಿನ ಕತ್ತಲಾಗುವ ಮೊದಲು ಅವರ ಮನೆಗೆ ಹೋಗುತ್ತೇನೆ. ಸಿಟ್ಟನ್ನು ಸೂರ್ಯ ಮುಳುಗುವುದರೊಳಗೆ ಮುಗಿಸಬೇಕೆಂದು ಪೌಲ ಎಫೆಸದವರಿಗೆ ಬರೆದ. ನನ್ನಂಥವನಿಗೆ ಅಂಥ ಗಡುವು ಬೇಕೇ ಬೇಕು; ಒಂದು ರಾತ್ರಿ ಕಳೆದರೆ ಸಾಕು, ತಪ್ಪೆಲ್ಲ ಅವರದೇ ಎಂದು ಬೆಳಗ್ಗೆ ನನಗೆ ಖಾತ್ರಿಯಾಗಿರುತ್ತದೆ.