ಬ್ಯಾಟರಿ ಲೆಕ್ಕ

ಸೊಸೆ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ನಮ್ಮತ್ತೆಯವರು, "ಬ್ಯಾಟರಿ ಲೆಕ್ಕ ಬರೀತಾಳೆ" ಎನ್ನುತ್ತಾರೆ. ಕೇಳಿದವರು ಯಾವುದೋ ಅಂಗಡಿಯಿರಬೇಕು ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಅಣುವಿದ್ಯುತ್ ಸ್ಥಾವರ ಎಂದೊಡನೆ ಜನ ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಲ್ಲುವುದನ್ನು ನೋಡಿದ್ದೇನೆ!

ಅಲ್ಲಿ ಬ್ಯಾಟರಿಗೇನು ಕೆಲಸ ಅನ್ನುವಿರಾ? ಒಲೆ ಆರಿಸಿದ ಮೇಲೂ ಕಲ್ಲಿನ ಮರಿಗೆಯಲ್ಲಿ ಹುಳಿ ಕೊತಕೊತ ಕುದಿಯುತ್ತಲೇ ಇರುತ್ತದಲ್ಲ, ರಿಯಾಕ್ಟರೂ ಹಾಗೆಯೇ. ನಿಲ್ಲಿಸಿದ ಮರುಕ್ಷಣದಲ್ಲೂ ಪೂರ್ಣ ಶಾಖದ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ. ಅದನ್ನು ತಣಿಸುತ್ತಲೇ ಇರಬೇಕು. ಹೊರಗಿನ ಕರೆಂಟು ಹೋದರೆ ಡೀಸೆಲ್ ಜನರೇಟರು ಇದೆ. ಆದರೆ ಅದನ್ನು ಎಬ್ಬಿಸುವುದಕ್ಕೆ, ದೊಡ್ಡ ಸ್ವಿಚ್ಚುಗಳನ್ನು ಹಾಕಿ ತೆಗೆಯುವುದಕ್ಕೆ, ಮೀಟರಿನ ಮುಳ್ಳು ಕಾಣುವುದಕ್ಕೆ ಬ್ಯಾಟರಿಯೇ ಬೇಕು. ಜಪಾನಿನ ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಸುನಾಮಿಯ ನೀರು ಜನರೇಟರುಗಳ ಜೊತೆಗೆ ಬ್ಯಾಟರಿಗಳನ್ನೂ ಮುಳುಗಿಸಿತು. ಒಳಗೆ ನೀರೆಷ್ಟಿದೆಯೆಂದು ನೋಡಲು ಅಲ್ಲಿನವರು ಕಾರುಗಳ ಬ್ಯಾಟರಿ ಕಿತ್ತು ತಂದು ಮೀಟರಿಗೆ ಜೋಡಿಸಿದರು. ಮೂರನೇ ಘಟಕದ ಬ್ಯಾಟರಿ ಉಳಿದಿತ್ತು. ಬೇಡದ್ದನ್ನೆಲ್ಲ ಆರಿಸಿ ಅದನ್ನು ಒಂದು ದಿನಕ್ಕೂ ಹೆಚ್ಚು ಕಾಲ ಎಳೆದರು.

ಹಳೆಯ ಲೆಕ್ಕವನ್ನು ಈಗಿನ ಸ್ಥಿತಿಗೆ ತಿದ್ದಿ ಬರೆಯುವುದು ನನ್ನ ಕೆಲಸ. ಎರಡೆರಡು ವೋಲ್ಟಿನ 110 ಸೆಲ್ಲುಗಳು ಸಾಲಾಗಿ ನಿಂತರೆ 220 ವೋಲ್ಟು. ಕರೆಂಟು ಹೋದ ಮೊದಲ ನಿಮಿಷಕ್ಕೆ ಯಾರು ಯಾರು ಎಷ್ಟು ಆಂಪಿಯರ್ ಎಳೆಯುತ್ತಾರೆ, ಆಮೇಲೆ ಉಳಿಯುವವರು ಯಾರು ಎಂದು ಪಟ್ಟಿ ಹಾಕಬೇಕು. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ, ಅದಕ್ಕೊಂದಿಷ್ಟು ಸೇರಿಸಬೇಕು. ಬಲ ನೂರಕ್ಕೆ 80ಕ್ಕೆ ಇಳಿದಾಗ ಬ್ಯಾಟರಿ ಬದಲಿಸುವುದು ವಾಡಿಕೆ. ಆ ಮುಪ್ಪಿಗೂ ಮೊದಲೇ 1.25ರಿಂದ ಗುಣಿಸಿಡಬೇಕು. ಲೆಕ್ಕ ಕಷ್ಟದ್ದಲ್ಲ. "ಇಷ್ಟೇ ತಾನೆ" ಎಂದು ವರ್ಷ ವರ್ಷವೂ ಸೇರಿಸಿದ ಒಂದು ದೀಪ, ಒಂದು ರಿಲೇ ಹುಡುಕುವುದು ಕಷ್ಟ.

ಒಮ್ಮೆ ಅಂಥವನ್ನೆಲ್ಲ ಕೂಡಿಸಿದಾಗ ನನಗೆ ಮುಪ್ಪಿನ ಪಾಲೇ ಕರಗಿ ಹೋದದ್ದು ಕಂಡಿತು. ಮೇಲಿನವರು ನಗುತ್ತಾ, "ಬ್ಯಾಟರಿ ಇನ್ನೂ ಹೊಸದಲ್ವೇನಮ್ಮಾ? ಈ ಸಲ 1.25 ಬಿಟ್ಟುಬಿಡಿ" ಅಂದರು. ಎರಡು ದಿನ ಸಹಿ ಹಾಕದೆ ಕೂತಿದ್ದೆ. ಹಟಮಾರಿ ಎಂಬ ಬಿರುದೂ ಬಂತು.

ಅದೇ ವಾರ ಮನೆಯಲ್ಲಿ ರಾತ್ರಿ ಕರೆಂಟು ಹೋಯಿತು. ಅತ್ತೆಯವರಿಗೆ ಉಸಿರಿನ ತೊಂದರೆಯಾಗಿ ಆಮ್ಲಜನಕದ ಯಂತ್ರ ತಂದು ತಿಂಗಳಾಗಿತ್ತಷ್ಟೆ. ಇನ್ವರ್ಟರು ಐದು ವರ್ಷದ ಹಿಂದೆ ಎರಡು ಫ್ಯಾನು, ಮೂರು ದೀಪಕ್ಕೆಂದು ಕೊಂಡದ್ದು. ಆಮೇಲೆ ಟಿವಿ ಸೇರಿತು, ಮಗನ ಕಂಪ್ಯೂಟರು ಸೇರಿತು. ಈ ಯಂತ್ರವನ್ನೂ ಅದಕ್ಕೇ ಸಿಕ್ಕಿಸಿದವಳು ನಾನೇ. ಕಾಲು ಗಂಟೆಯಲ್ಲಿ ಇನ್ವರ್ಟರು ಕೀಂ ಎಂದು ಕೂಗಿ ಆರಿತು.

ಕತ್ತಲಲ್ಲಿ ಅತ್ತೆಯವರ ಉಸಿರೊಂದೇ ಕೇಳುತ್ತಿತ್ತು. ಅವರನ್ನು ಎಬ್ಬಿಸಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟೆ. ನಮ್ಮವರು ಓಡಿ ಹೋಗಿ ಕೆಳಗಿನ ಮನೆಯವರ ಇನ್ವರ್ಟರಿನಿಂದ ಕಿಟಕಿಯಲ್ಲಿ ವೈರು ಎಳೆದು ತಂದರು. ಯಂತ್ರ ಮತ್ತೆ ಗುರ್ ಎನ್ನುವವರೆಗೆ ಎಷ್ಟು ಹೊತ್ತಾಯಿತೋ, ಹತ್ತು ನಿಮಿಷವಿರಬಹುದು. ಆಂಪಿಯರ್ ಲೆಕ್ಕ ಹಾಕುವವಳಿಗೆ ಆ ಲೆಕ್ಕ ಸಿಗಲಿಲ್ಲ. ಅತ್ತೆಯವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮರುದಿನ ಆಫೀಸಿನಲ್ಲಿ 1.25 ಇಟ್ಟುಕೊಂಡೇ ಲೆಕ್ಕ ಮುಗಿಸಿ, "ಸಾಲದು" ಎಂದು ಬರೆದು ಸಹಿ ಮಾಡಿದೆ. ಮೇಲಿನವರು ಮುಖ ಗಂಟಿಕ್ಕಿಕೊಂಡು ಕಳಿಸಿದರು. ಕೆಲವು ತಿಂಗಳ ನಂತರ ತುರ್ತಿಗೆ ಬೇಡದ ಕೆಲವು ಲೋಡುಗಳನ್ನು ಆ ಬ್ಯಾಟರಿಯಿಂದ ತೆಗೆದರೆಂದು ಗೊತ್ತಾಯಿತು.

ಮನೆಯಲ್ಲೀಗ ಯಂತ್ರಕ್ಕೆಂದೇ ಬೇರೆ ಬ್ಯಾಟರಿಯಿದೆ. ಹಳೆಯ ಇನ್ವರ್ಟರಿಗೆ ಏನೇನು ಎಂದು ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅದರಲ್ಲಿ ಟಿವಿಯನ್ನು ಅತ್ತೆಯವರೇ ಪೆನ್ಸಿಲಿನಲ್ಲಿ ಹೊಡೆದು ಹಾಕಿದ್ದಾರೆ. ಧಾರಾವಾಹಿಯ ಹೊತ್ತಿಗೆ ಕರೆಂಟು ಹೋದರೆ ಮಾತ್ರ ನನ್ನ ಕಡೆ ಒಮ್ಮೆ ನೋಡುತ್ತಾರೆ.