ಬಚ್ಚಲ ಬಾಗಿಲು

ಸಾಗರದಲ್ಲಿ ಮನೆ ಕಟ್ಟಿಸುವಾಗ ಹೆಬ್ಬಾಗಿಲಿಗಾಗಿ ಮೂರು ತಿಂಗಳು ಓಡಾಡಿದೆ. ಮೂರೂವರೆ ಅಡಿ ಅಗಲ, ಏಳಡಿ ಎತ್ತರ, ಹಳೆಯ ಸಾಗುವಾನಿ. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರಿನಲ್ಲಿದ್ದುಕೊಂಡು ಬೋಳು ಬಾಗಿಲು ಇಡಿಸಲು ಮನಸ್ಸು ಬರಲಿಲ್ಲ. ಮೇಲ್ಪಟ್ಟಿಗೆ ಗಜಲಕ್ಷ್ಮಿ ಕೆತ್ತಿಸಿದೆ. ಹೊಸ್ತಿಲು ಪೂಜೆಗೆ ನೆಂಟರಿಷ್ಟರನ್ನೆಲ್ಲ ಕರೆದಿದ್ದೆ.

ಬಚ್ಚಲ ಬಾಗಿಲಿಗೆ ನಾನು ಕೊಟ್ಟಿದ್ದು ಎರಡೇ ನಿಮಿಷ. “ಮೇಷ್ಟ್ರೇ, ವಯಸ್ಸಾದ ಅಮ್ಮ ಇರೋ ಮನೆ. ಬಚ್ಚಲಿಗೂ ಮೂರಡಿ ಇಡ್ತೀನಿ, ಹೊರಗಡೆಗೆ ತೆಗೆಯೋ ಹಾಗೆ ಕೂರಿಸ್ತೀನಿ” ಎಂದು ಮರಗೆಲಸದ ಆಚಾರ್ರು ಕೇಳಿದ್ದರು. ಊಟದ ಮನೆಯತ್ತ ಒದ್ದೆ ಬಾಗಿಲು ಚಾಚಿಕೊಂಡರೆ ನೋಡಲು ಚೆನ್ನಾಗಿರುವುದಿಲ್ಲ ಎಂದುಕೊಂಡೆ. “ಎಲ್ಲರ ಮನೇಲೂ ಎರಡೂವರೆ ಅಡೀನೇ ಅಲ್ವಾ, ಒಳಗಡೆಗೇ ತೆಗೀಲಿ ಬಿಡಿ” ಎಂದೆ. ಅವರು ಮತ್ತೆ ಮಾತಾಡಲಿಲ್ಲ. ನೀರು ತಡೆಯುವ ಫ್ಲಶ್ ಡೋರ್ ಅಂಗಡಿಯಲ್ಲೇ ಇತ್ತು, ದುಡ್ಡು ಉಳಿಯಲಿ ಎಂದು ಸಾದಾ ಡೋರ್ ತಂದೆ.

ಮೊದಲ ಮಳೆಗಾಲಕ್ಕೇ ಅದು ಉಬ್ಬಿತು. ಕೆಳಗಿನ ಅಂಚಿನಲ್ಲಿ ಪ್ಲೈವುಡ್ ಪದರ ಬಿಚ್ಚಿಕೊಂಡಿತು. “ಬಾಗಿಲು ಹಿಡೀತಿದೆ ಕಣೋ” ಎಂದು ಅಮ್ಮ ಎರಡು ಮೂರು ಸಲ ಹೇಳಿದಳು. ಉಜ್ಜಿಸಿದರೆ ಆಯಿತು ಎಂದು ಸುಮ್ಮನಾದೆ. ಅವಳು ದಿನಾ ಭುಜ ಕೊಟ್ಟು ತಳ್ಳಿ ಚಿಲಕ ಹಾಕಿಕೊಳ್ಳುತ್ತಿದ್ದಳು.

ಮರುವರ್ಷದ ಆಷಾಢದಲ್ಲಿ, ಒಂದು ಬೆಳಿಗ್ಗೆ, ಒಳಗಿನಿಂದ ಧಡ್ ಎಂಬ ಸದ್ದು. ಅಮ್ಮ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದಳು. “ಚಿಲಕಕ್ಕೆ ಕೈ ಎಟುಕ್ತಿಲ್ಲ ಕಣೋ” ಎಂಬ ಧ್ವನಿ ನೆಲದ ಮಟ್ಟದಿಂದ ಬರುತ್ತಿತ್ತು. ಒದ್ದು ತೆಗೆಯೋಣವೆಂದರೆ ಆ ಏಟು ಅವಳಿಗೇ ಬೀಳುತ್ತದೆ. ಹಿಂಜ್ ಬಿಚ್ಚೋಣವೆಂದರೆ, ಒಳಗಡೆಗೆ ತೆರೆಯುವ ಬಾಗಿಲಿನ ಹಿಂಜು ಒಳಗಡೆಯೇ ಇರುತ್ತದೆ. ಅದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ನಿಂತಾಗ. ಆಚಾರ್ರು ಮಳೆಯಲ್ಲೇ ಓಡಿಬಂದರು. ಬಾಗಿಲಿನ ಮೇಲರ್ಧವನ್ನು ಗರಗಸದಿಂದ ಕೊಯ್ದರು. ಕೊಯ್ಯುವಷ್ಟು ಹೊತ್ತೂ ಹೊಟ್ಟು ಅಮ್ಮನ ಮೇಲೆ ಉದುರುತ್ತಿತ್ತು. ನಾನು ಆ ಕಂಡಿಯಿಂದ ಒಳಗಿಳಿದು, ಹಿಂಜಿನ ಸ್ಕ್ರೂ ಒಂದೊಂದಾಗಿ ತೆಗೆದೆ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಅವಳು ಒದ್ದೆ ನೆಲದಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು.

ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಮನೆಗೆ ಬಂದಾಗ ಜೊತೆಗೆ ಗಾಲಿಕುರ್ಚಿ ಬಂತು. ಅದರ ಅಗಲ 25 ಇಂಚು. ಬಚ್ಚಲ ಬಾಗಿಲು ಎರಡೂವರೆ ಅಡಿ, ಅಂದರೆ 30 ಇಂಚು, ಧಾರಾಳವಾಯಿತು ಎಂದುಕೊಂಡಿದ್ದೆ. ಆದರೆ ಆ ಅಳತೆ ಚೌಕಟ್ಟಿನ ಹೊರಗಿನದು. ಎರಡೂವರೆ ಇಂಚಿನ ಎರಡು ಕಂಬ ಕಳೆದರೆ 25. ತೆರೆದು ನಿಂತ ಬಾಗಿಲಿನ ದಪ್ಪವೂ ಮುಕ್ಕಾಲು ಇಂಚು ನುಂಗುತ್ತದೆ. ಅದರ ಮೇಲೆ ಎರಡಿಂಚು ಎತ್ತರದ ಗ್ರಾನೈಟ್ ಹೊಸ್ತಿಲು. ನಾನೂ ನನ್ನ ಹೆಂಡತಿಯೂ ಅಮ್ಮನನ್ನು ಎತ್ತಿಕೊಂಡೇ ದಾಟಿಸಬೇಕಾಯಿತು. ಮಗನ ತೋಳಿನಲ್ಲಿ ಬಚ್ಚಲಿಗೆ ಹೋಗುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಗೋಡೆ ಒಡೆಸಿದೆ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಾಗಿಲು ತೆರೆದಾಗ 900 ಮಿಲಿಮೀಟರ್ ಜಾಗ ಸಿಗಬೇಕು. ಅಷ್ಟು ಸಿಗಬೇಕಾದರೆ ಚೌಕಟ್ಟು ಮೂರೂವರೆ ಅಡಿ ಇರಬೇಕು. ಈಗ ನಮ್ಮ ಬಚ್ಚಲಿನದು ಹೆಬ್ಬಾಗಿಲಿನಷ್ಟೇ ಅಗಲ. ಹೊರಗಡೆಗೆ ತೆರೆಯುತ್ತದೆ, ಹಿಂಜು ಹೊರಗಿದೆ. ಬಾಗಿಲೂ ಚೌಕಟ್ಟೂ ನೀರಿಗೆ ಉಬ್ಬದ ಡಬ್ಲ್ಯುಪಿಸಿಯದು. ಹೊಸ್ತಿಲಿನ ಜಾಗದಲ್ಲಿ ಸಣ್ಣ ಇಳಿಜಾರು. ಊಟದ ಮೇಜನ್ನು ಗೋಡೆಗೆ ಸರಿಸಿದ್ದೇವೆ, ಅಷ್ಟೇ. ಆಚಾರ್ರು ಹಳೆಯ ಮಾತು ಎತ್ತಲಿಲ್ಲ. ಚೌಕಟ್ಟು ನಿಲ್ಲಿಸುವ ಮೊದಲು ಗಾಲಿಕುರ್ಚಿಗೆ ಟೇಪು ಹಿಡಿದು ಎರಡು ಸಲ ಅಳೆದರು.

ಅಮ್ಮ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಚಿಲಕ ಇಲ್ಲದ ಬಚ್ಚಲು ಬೇಡವೇ ಬೇಡ ಎಂದು ಹಟ ಹಿಡಿದಳು. ಒಳಗಿನಿಂದ ಹಾಕಿಕೊಂಡರೂ ಹೊರಗಿನ ಸೀಳಿಗೆ ನಾಣ್ಯ ತೂರಿಸಿ ತಿರುಗಿಸಿದರೆ ತೆರೆದುಕೊಳ್ಳುವ ಲಾಕ್ ಹಾಕಿಸಿದೆ. ಒಂದು ರೂಪಾಯಿಯ ನಾಣ್ಯ ಬಾಗಿಲ ಪಕ್ಕದ ಗೂಡಿನಲ್ಲಿದೆ. ಸ್ನಾನಕ್ಕೆ ಹೊರಟಾಗ ಅಮ್ಮ ವಾಕರ್ ನಿಲ್ಲಿಸಿ, ಗೂಡಿಗೆ ಕೈ ಹಾಕಿ, ಅದು ಅಲ್ಲೇ ಇದೆಯಾ ಎಂದು ಮುಟ್ಟಿ ನೋಡಿ ಒಳಗೆ ಹೋಗುತ್ತಾಳೆ.